ಮಳೆಗಾಲದಲ್ಲಿ ಕಾನೂನು ಓದಬೇಕು

ಜೋಯಿಡಾ ತಾಲೂಕಿನ ರಾಮನಗರದಲ್ಲಿ ವ್ಯಾಪಾರದ ವರ್ಷ ಶುರುವಾಗುವುದು ದಸರೆಯ ಆಸುಪಾಸಿನಲ್ಲಿ. ಮಳೆ ಹಿಂದೆ ಸರಿದು, ಬೆಳಗಾವಿ–ಗೋವಾ ಹೆದ್ದಾರಿಯ ಹೊಂಡಗಳಿಗೆ ಒಂದಿಷ್ಟು ಜಲ್ಲಿ ಬಿದ್ದು, ಅನಮೋಡ ಘಾಟು ಇಳಿಯುವ ಕಾರುಗಳ ಸಾಲು ಉದ್ದವಾಗತೊಡಗಿದರೆ ಸೀಸನ್ ಬಂತೆಂದೇ ಲೆಕ್ಕ. ಅಲ್ಲಿಂದ ಮೇ ಕೊನೆಯವರೆಗೆ ಧಾಬಾ, ಗ್ಯಾರೇಜು, ಪಂಕ್ಚರ್ ಅಂಗಡಿ, ಬೇಕರಿ, ಜಗಲಬೇಟ–ಗಣೇಶಗುಡಿ ಕಡೆಯ ಹೋಂಸ್ಟೇ, ಎಲ್ಲದಕ್ಕೂ ಗಿರಾಕಿ. ಜೂನ್ ಕಾಲಿಟ್ಟ ಮೇಲೆ ಕಾಳಿ ನದಿಯ ರಾಫ್ಟುಗಳು ದಡ ಸೇರುತ್ತವೆ. ಘಾಟಿನ ಮಣ್ಣು ಯಾವಾಗ ಜರಿದೀತೆಂದು ಹೇಳುವವರಿಲ್ಲ. 2025ರ ಜುಲೈನಲ್ಲಿ ಅನಮೋಡ ಘಾಟಿನ ರಸ್ತೆ ಗೋವಾ ಭಾಗದಲ್ಲಿ ಕುಸಿದು ಭಾರಿ ವಾಹನಗಳ ಓಡಾಟಕ್ಕೇ ತಡೆ ಬಿದ್ದಿತ್ತು. ಲಾರಿ ನಿಂತರೆ ಧಾಬಾದ ಒಲೆಯೂ ಅರ್ಧ ಆರಿದಂತೆಯೇ.

ಸರಕಾರದ ವರ್ಷದ ಲೆಕ್ಕ ಬೇರೆ. ತೆರಿಗೆಗೆ ಏಪ್ರಿಲ್‌ನಿಂದ ಮಾರ್ಚ್, ಹಬ್ಬದ ರಜೆಗೆ ಜನವರಿಯಿಂದ ಡಿಸೆಂಬರ್, ಕನಿಷ್ಠ ಕೂಲಿಯ ತುಟ್ಟಿಭತ್ಯೆಗೆ ಏಪ್ರಿಲ್ 1. ಹೊಸ ಕಾನೂನು ಬರುವುದಕ್ಕಂತೂ ತಿಂಗಳೂ ಇಲ್ಲ, ತಿಥಿಯೂ ಇಲ್ಲ. ಇದರ ಜೊತೆಗೆ ಸುರಕ್ಷತಾ ದಿನ, ಅಗ್ನಿಶಾಮಕ ದಿನ, ಬಾಲಕಾರ್ಮಿಕ ವಿರೋಧಿ ದಿನ, ಮಾನಸಿಕ ಆರೋಗ್ಯ ದಿನ ಎಂದು ಜಾಗೃತಿಯ ದಿನಗಳ ದಂಡೇ ಇದೆ. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಸಣ್ಣ ಉದ್ಯಮದ ಕ್ಯಾಲೆಂಡರ್ ಸಿದ್ಧವಾಯಿತು ಎಂದು ಸಲಹೆಗಾರರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಆ ಹಾಳೆ ಬೆಂಗಳೂರಿನ ಕಂಪನಿಗೆ ಸಾಕಾದೀತು. ರಾಮನಗರದಂಥ ಊರಿನಲ್ಲಿ ಕೆಲಸದ ಏರಿಳಿತ ನೋಡಿ ಕ್ಯಾಲೆಂಡರ್ ಹಾಕಬೇಕು. ಕಾಗದಪತ್ರ, ತರಬೇತಿ, ರಜೆಯ ಮಾತುಕತೆ ಇವುಗಳನ್ನು ಆದಷ್ಟೂ ಮಳೆಗಾಲಕ್ಕೆ ತಂದು, ಅಪಾಯದ ಮಾತನ್ನು ಮಾತ್ರ ಆ ಅಪಾಯ ಬರುವ ಮುನ್ನ ಆಡಬೇಕು. ಆದರೆ ಇಷ್ಟು ಮಾಡಿದವನಿಗೂ ತಪ್ಪಿಸಿಕೊಳ್ಳಲಾಗದ ಒಂದು ತೊಂದರೆ ಉಳಿಯುತ್ತದೆ. ಅದು ಮಾಲೀಕನ ಕೈಯಲ್ಲಿಲ್ಲ, ಸರಕಾರದ ಕೈಯಲ್ಲಿದೆ.

ಆ ತೊಂದರೆ ಎಂಥದೆಂದು ತಿಳಿಯಲು 2025ರ ಸೀಸನ್ನಿನ ಹೊಸಿಲನ್ನೇ ನೋಡಬಹುದು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಹೊಸ ದರಗಳನ್ನು ಪ್ರಕಟಿಸಿತು. ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ರಂದು, ಅವು ಜಾರಿಗೆ ಬಂದವು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆ ಬಾಡಿಗೆಯ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದೇ. ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸವಲತ್ತೂ ಅದರೊಂದಿಗೆ ಹೋಯಿತು. ದಸರೆಯ ಬುಕಿಂಗ್ ಆಗಲೇ ತೆಗೆದುಕೊಂಡಿದ್ದವರು ಹಳೆ ದರದ ಬಿಲ್ಲನ್ನು ಹೊಸ ದರಕ್ಕೆ ತಿದ್ದುತ್ತ ಕೂತರು. ಅಕ್ಟೋಬರ್ 9ಕ್ಕೆ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. ಅದೇ ನವೆಂಬರ್‌ನ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕಾನೂನುಗಳು ಅವುಗಳಲ್ಲಿ ಸೇರಿಹೋದವು. 2019 ಮತ್ತು 2020ರಲ್ಲಿ ಸಂಸತ್ತು ಒಪ್ಪಿದ್ದ ಸಂಹಿತೆಗಳು ಐದು ವರ್ಷ ತೆಪ್ಪಗಿದ್ದು, ಒಂದು ಶುಕ್ರವಾರ ಪ್ರಕಟವಾದವು, ಅದೇ ಶುಕ್ರವಾರ ಜಾರಿಗೂ ಬಂದವು. ಕ್ರಿಸ್‌ಮಸ್ ರಶ್ಶಿಗೆ ಐದು ವಾರವೂ ಉಳಿದಿರಲಿಲ್ಲ. ಬದಲಾದ ವಿಷಯಗಳಲ್ಲಿ ನನಗೆ ತಕರಾರಿಲ್ಲ, ಹೆಚ್ಚಿನವು ಬೇಕಾದವೇ. ತಕರಾರಿರುವುದು ತಾರೀಖಿನ ಬಗ್ಗೆ.

ಈ ಮಾತಿಗೆ ಊರಲ್ಲಿ ತಕ್ಷಣ ಬರುವ ಉತ್ತರ ಗೊತ್ತೇ ಇದೆ: ‘ಅದೆಲ್ಲ ದೊಡ್ಡ ಫ್ಯಾಕ್ಟರಿಗೆ, ದಾಂಡೇಲಿಯ ಪೇಪರ್ ಮಿಲ್ಲಿಗೆ, ಹಳಿಯಾಳದ ಸಕ್ಕರೆ ಕಾರ್ಖಾನೆಗೆ. ನಮ್ಮಲ್ಲಿ ಇರೋದೇ ಆರು ಜನ, ನಮಗೆ ಯಾವ ಕಾನೂನು?’

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಹಲವು ಕಾನೂನುಗಳ ಬಾಗಿಲಲ್ಲಿ ಹತ್ತು ಎಂಬ ಸಂಖ್ಯೆ ನಿಂತಿದೆ. ಹತ್ತು ಜನರಿದ್ದರೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ, ಹತ್ತು ಜನರಿದ್ದರೆ ಗ್ರಾಚ್ಯುಟಿ, ಹತ್ತು ಜನರಿದ್ದರೆ ಸುರಕ್ಷತಾ ಸಂಹಿತೆಯ ಪ್ರಕಾರ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ. ವೇತನ ಸಂಹಿತೆಗೆ ಮಾತ್ರ ಈ ಬಾಗಿಲಿಲ್ಲ. ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು, ಕೆಲಸ ಬಿಟ್ಟವನ ಅಥವಾ ಬಿಡಿಸಿದವನ ಬಾಕಿ ಎರಡು ಕೆಲಸದ ದಿನಗಳಲ್ಲಿ ತೀರಬೇಕು. ಆರು ಜನರ ಧಾಬಾಕ್ಕೂ ಇದೇ ನಿಯಮ. ಸೀಸನ್ ಮುಗಿದ ಮೇಲೆ, ‘ಮುಂದಿನ ವರ್ಷ ಬಾ, ಉಳಿದದ್ದು ಆವಾಗ ನೋಡೋಣ’ ಎಂದು ಪಗಾರದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುವ ರೂಢಿ ಈ ಹೆದ್ದಾರಿಯ ಉದ್ದಕ್ಕೂ ಇದೆ. ಹುಡುಗ ಮುಂದಿನ ವರ್ಷ ಗೋವಾದ ಹೋಟೆಲಿಗೆ ಹಾರಿಹೋಗದಿರಲಿ ಎಂಬುದು ಅದರ ಹಿಂದಿನ ಲೆಕ್ಕ. ಅದು ಕಾನೂನು ಒಪ್ಪದ ಲೆಕ್ಕ. ಸಾಲದ್ದಕ್ಕೆ, ಹುಡುಗ ಹಾರಿಹೋಗುವುದೂ ಅದೇ ಕಾರಣಕ್ಕೆ.

ಹತ್ತರ ಲೆಕ್ಕ ಜಾರುವುದು ಇನ್ನೊಂದು ಕಡೆ. ಜುಲೈನಲ್ಲಿ ಆರು ಜನರಿದ್ದ ಹೋಂಸ್ಟೇಯಲ್ಲಿ ಡಿಸೆಂಬರ್‌ಗೆ ಹದಿನಾಲ್ಕು ಜನರಿರುತ್ತಾರೆ: ಅಡುಗೆಗೆ ಇಬ್ಬರು ಹೆಚ್ಚು, ಕೋಣೆ ಗುಡಿಸಲು ಇಬ್ಬರು, ಚಾರಣಕ್ಕೆ ಕರೆದೊಯ್ಯಲು ಪಕ್ಕದ ಹಳ್ಳಿಯ ಹುಡುಗರು, ರಾತ್ರಿ ಕಾವಲಿಗೊಬ್ಬ. ಗ್ರಾಚ್ಯುಟಿಯಂಥ ವಿಷಯದಲ್ಲಿ ವರ್ಷದಲ್ಲಿ ಯಾವುದೇ ಒಂದು ದಿನ ಹತ್ತು ಮುಟ್ಟಿದರೂ ಉದ್ಯಮ ಕಾನೂನಿನ ಒಳಗೆ ಬಂದಂತೆ, ಆಮೇಲೆ ಸಂಖ್ಯೆ ಇಳಿಯಿತೆಂದು ಹೊರಗೆ ಹೋಗುವಂತಿಲ್ಲ. ಆದ್ದರಿಂದ ಇಲ್ಲಿನ ಮಾಲೀಕನ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದ ಅತಿ ಮುಖ್ಯ ದಿನ ಯಾವ ಅಚ್ಚಾದ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹತ್ತನೆಯ ಹೆಸರು ಬರೆಯುವ ದಿನ ಅದು. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಬರುತ್ತದೆ. ಅದು ಬರುವುದು ಆಗಸ್ಟಿನಲ್ಲೇ ಗೊತ್ತಿರುತ್ತದೆ, ಯಾಕೆಂದರೆ ಎಷ್ಟು ಜನ ಬೇಕೆಂಬುದನ್ನು ಬುಕಿಂಗ್ ನೋಡಿ ಮಾಲೀಕ ಮೊದಲೇ ಎಣಿಸಿರುತ್ತಾನೆ.

ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವಿಷಯದಲ್ಲಿ ಈ ಹತ್ತರ ಅಂಕಿ ಮಾಡಿರುವ ಅನಾಹುತ ಕೊಂಚ ವಿವರವಾಗಿ ಹೇಳಬೇಕಾದದ್ದು. 1997ರ ವಿಶಾಖಾ ತೀರ್ಪಿನ ಬೆನ್ನಿಗೆ ಬಂದ ಈ ಕಾಯ್ದೆ 2013ರ ಡಿಸೆಂಬರ್ 9ರಂದು ಜಾರಿಗೆ ಬಂತು. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಆಂತರಿಕ ಸಮಿತಿ ಬೇಡ ಎಂಬುದನ್ನು ಜನ ಕಾಯ್ದೆಯೇ ಬೇಡ ಎಂದು ಓದಿಕೊಂಡರು. ಕಾಯ್ದೆ ಹೇಳುವುದು ತದ್ವಿರುದ್ಧ. ಅಂಥ ಕಡೆಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮಾಲೀಕನ ಮೇಲೆಯೇ ದೂರಿದ್ದರೆ, ಎಷ್ಟೇ ಜನರಿರಲಿ, ಅಲ್ಲಿಗೇ ಹೋಗಬೇಕು. ನೊಂದವಳು ಅಲ್ಲಿನ ನೌಕರಳೇ ಆಗಿರಬೇಕೆಂದೂ ಇಲ್ಲ. ಹೋಂಸ್ಟೇಗೆ ಬಂದ ಅತಿಥಿಯೂ ದೂರು ಕೊಡಬಹುದು. ಕಿರುಕುಳ ಕೊಟ್ಟವನು ಹೊರಗಿನ ಗಿರಾಕಿಯಾದರೆ ಅವನ ಮೇಲೆ ಕ್ರಮಕ್ಕೆ ಮುಂದಾಗುವ ಹೊಣೆ ಮಾಲೀಕನದು. ಧಾಬಾದ ಹಿಂಬದಿಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವ ಹೆಂಗಸಿಗೆ, ತಟ್ಟೆ ತೊಳೆಯುವ ನಲ್ಲಿ ಅಂಗಳದ ಕತ್ತಲೆಯಲ್ಲಿರುವವಳಿಗೆ, ತೊಂದರೆ ಬರುವುದು ಹೆಚ್ಚಾಗಿ ಈ ಎರಡು ದಿಕ್ಕಿನಿಂದಲೇ: ಒಂದು ಗಿರಾಕಿ, ಇಲ್ಲ ಯಜಮಾನ.

ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಕಾರವಾರ. ರಾಮನಗರದ ಹೆಂಗಸು ಜೋಯಿಡಾ ದಾಟಿ, ಅಣಶಿ ಘಾಟು ಇಳಿದು ಅಲ್ಲಿಗೆ ಹೋಗಿ ದೂರು ಕೊಟ್ಟಾಳೆಂದು ಕಾಯ್ದೆ ಬರೆದವರೂ ನಂಬಿರಲಿಲ್ಲ. ಅದಕ್ಕಾಗಿಯೇ ಗ್ರಾಮೀಣ ಮತ್ತು ಬುಡಕಟ್ಟು ಪ್ರದೇಶದ ಪ್ರತಿ ತಾಲೂಕಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು, ಬಂದ ದೂರನ್ನು ಅವರು ಏಳು ದಿನದೊಳಗೆ ಸ್ಥಳೀಯ ಸಮಿತಿಗೆ ಮುಟ್ಟಿಸಬೇಕು ಎಂದು ಬರೆದರು. ಬರೆದ ಹನ್ನೊಂದು ವರ್ಷಗಳ ನಂತರವೂ ಇದು ದೇಶದ ಎಷ್ಟೋ ಕಡೆ ಕಾಗದದಲ್ಲೇ ಇತ್ತು. 2024ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟು ಜಿಲ್ಲಾಧಿಕಾರಿಗಳಿಗೆ, ಸಮಿತಿಗಳಿಗೆ, ತಾಲೂಕಿನ ನೋಡಲ್ ಅಧಿಕಾರಿಗಳಿಗೆ ಗಡುವು ಹಾಕಿ ಆದೇಶ ಕೊಡಬೇಕಾಯಿತು. ಆ ಮೊಕದ್ದಮೆ ಹುಟ್ಟಿದ್ದು ಘಾಟಿನ ಆಚೆ, ಗೋವಾ ವಿಶ್ವವಿದ್ಯಾಲಯದಲ್ಲಿ. ಕಿರುಕುಳದ ಆರೋಪದ ಮೇಲೆ ಅಧ್ಯಾಪಕರೊಬ್ಬರನ್ನು ವಜಾ ಮಾಡಿದ್ದನ್ನು 2023ರ ಮೇನಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ವಿಚಾರಣೆಯನ್ನು ಅವಸರ ಅವಸರವಾಗಿ ಮುಗಿಸಿ, ಆರೋಪಿಗೆ ತನ್ನ ಮಾತು ಹೇಳಲು ತಕ್ಕ ಅವಕಾಶ ಕೊಡಲಿಲ್ಲ ಎಂಬುದು ಕಾರಣ. ಹತ್ತಾರು ದೂರುಗಳು ಬಂದು, ವರ್ಷಗಟ್ಟಲೆ ನಡೆದ ಪ್ರಕರಣ ಅವಸರದಿಂದಾಗಿ ಮತ್ತೆ ಮೊದಲಿಗೆ ಬಂತು. ದೂರು ಬಂದ ಮೇಲೆ ನಿಯಮ ಹುಡುಕಲು ಹೊರಡುವವನು ಅವಸರವನ್ನೇ ಮಾಡುತ್ತಾನೆ. ವಿಶ್ವವಿದ್ಯಾಲಯದಂಥ ಸಂಸ್ಥೆಗೇ ಹೀಗಾದರೆ ಹದಿನಾಲ್ಕು ಜನರ ಹೋಂಸ್ಟೇಯ ಕಥೆ ಹೇಳಬೇಕೆ.

ಇಲ್ಲಿ ಕ್ಯಾಲೆಂಡರಿನ ಪ್ರಶ್ನೆ ನಿಜಕ್ಕೂ ತೀಕ್ಷ್ಣವಾಗುತ್ತದೆ. ಕಾಯ್ದೆ ಜಾರಿಗೆ ಬಂದ ದಿನವೆಂದು ಡಿಸೆಂಬರ್ 9ರ ಆಸುಪಾಸಿನಲ್ಲಿ ದೊಡ್ಡ ಸಂಸ್ಥೆಗಳು ಜಾಗೃತಿ ಕಾರ್ಯಕ್ರಮ ಇಟ್ಟುಕೊಳ್ಳುತ್ತವೆ. ನಮ್ಮಲ್ಲಿ ಅದು ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ತಿಂಗಳು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ದೂರು ಕೊಡಲು ಕಾಯ್ದೆ ಕೊಡುವುದು ಮೂರು ತಿಂಗಳು. ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಸೇರಿಸಬಹುದು. ಕ್ರಿಸ್‌ಮಸ್ ವಾರ ನಡೆದದ್ದಕ್ಕೆ ಮಾರ್ಚ್ ಕೊನೆಗೆ ಮೊದಲ ಗಡುವು. ಸೀಸನ್ನಿಗೆಂದು ಬಂದವಳು ಮೇ ಕೊನೆಗೆ ಊರಿಗೆ ಹೋಗುತ್ತಾಳೆ. ಯಾರಿಗೆ ಹೇಳಬೇಕು, ಎಷ್ಟು ದಿನದೊಳಗೆ ಹೇಳಬೇಕು ಎಂಬುದು ಅವಳಿಗೆ ಕೆಲಸಕ್ಕೆ ಸೇರಿದ ವಾರವೇ, ಅಂದರೆ ಅಕ್ಟೋಬರ್‌ನಲ್ಲೇ, ಗೊತ್ತಾಗಬೇಕು. ಅದಕ್ಕೆ ಸಭೆ, ಬ್ಯಾನರು, ಮುಖ್ಯ ಅತಿಥಿ ಯಾವುದೂ ಬೇಡ. ಕೂಲಿ ಮಾತಾಡುವಾಗಲೇ, ಅವಳಿಗೆ ತಿಳಿಯುವ ಕನ್ನಡದಲ್ಲೋ ಕೊಂಕಣಿಯಲ್ಲೋ ಮರಾಠಿಯಲ್ಲೋ, ಎರಡು ಮಾತು ಹೇಳಿದರಾಯಿತು. ಅದನ್ನು ಮನೆಯ ಹೆಂಗಸೊಬ್ಬಳು ಹೇಳಿದರೆ ಒಳ್ಳೆಯದು. ಅಡುಗೆಮನೆಯ ಗೋಡೆಯ ಮೇಲೆ ನೋಡಲ್ ಅಧಿಕಾರಿಯ ಫೋನ್ ನಂಬರು ಇರಬೇಕು. ಕೌಂಟರಿನ ಹಿಂದೆ ಹಾಕಿದರೆ ಯಜಮಾನನ ಕಣ್ಣೆದುರೇ ಅದನ್ನು ಬರೆದುಕೊಳ್ಳಬೇಕಾಗುತ್ತದೆ.

2025ರ ಮಾರ್ಚ್‌ನಲ್ಲಿ ಗಂಗಾವತಿ ಬಳಿಯ ಸಣಾಪುರದಲ್ಲಿ ಹೋಂಸ್ಟೇ ನಡೆಸುತ್ತಿದ್ದ ಹೆಣ್ಣುಮಗಳ ಮೇಲೂ ಅವಳ ವಿದೇಶಿ ಅತಿಥಿಯ ಮೇಲೂ ಅತ್ಯಾಚಾರವಾಗಿ, ಪ್ರವಾಸಿಯೊಬ್ಬ ಪ್ರಾಣ ಕಳೆದುಕೊಂಡ. ರಾಜ್ಯದಲ್ಲಿ ಹೋಂಸ್ಟೇಗಳ ಸುರಕ್ಷತೆಯ ಮಾತು ಜೋರಾದದ್ದು ಆಮೇಲೆ. ಆ ಮಾತಿನಲ್ಲಿ ಪ್ರವಾಸಿಯ ಸುರಕ್ಷತೆ ಬಂತು, ಪರವಾನಗಿಯ ವಿಷಯ ಬಂತು. ಅಲ್ಲಿ ನೊಂದವರಲ್ಲಿ ಒಬ್ಬಳಿಗೆ ಆ ಜಾಗ ಕೆಲಸದ ಸ್ಥಳವಾಗಿತ್ತು ಎಂಬುದು ಯಾರ ಗಮನಕ್ಕೂ ಅಷ್ಟಾಗಿ ಬಂದಂತಿಲ್ಲ.

ಜಾಗೃತಿಯ ದಿನಗಳ ವಿಷಯಕ್ಕೆ ಬಂದರೆ, ಅವುಗಳಲ್ಲಿ ಮುಕ್ಕಾಲು ಪಾಲನ್ನು ನಿಸ್ಸಂಕೋಚವಾಗಿ ಬಿಡಬಹುದು. ಉಳಿದವನ್ನು ಇಟ್ಟುಕೊಳ್ಳಬೇಕು, ಆದರೆ ಜಾಗ ಬದಲಿಸಬೇಕು. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ ದಿನವದು. ನಮಗೆ ಅದು ಅದೃಷ್ಟಕ್ಕೆ ಸರಿಯಾದ ಜಾಗದಲ್ಲೇ ಇದೆ, ಬೇಸಿಗೆ ರಜೆಯ ರಶ್ಶಿಗೆ ಒಂದು ತಿಂಗಳು ಮೊದಲು. 2022ರ ಏಪ್ರಿಲ್‌ನ ಸಾಲು ರಜೆಯಲ್ಲಿ ಗಣೇಶಗುಡಿಯಲ್ಲಿ ಮಿತಿಮೀರಿ ಜನ ತುಂಬಿದ್ದ ರಾಫ್ಟೊಂದು ಕಾಳಿಯ ಸೆಳವಿಗೆ ಸಿಕ್ಕಿ, ಸ್ವಲ್ಪದರಲ್ಲಿ ದೊಡ್ಡ ಅನಾಹುತ ತಪ್ಪಿತು. ವಿಡಿಯೋ ಊರೂರು ಸುತ್ತಿತು, ಜಿಲ್ಲಾಡಳಿತ ರಾಫ್ಟಿಂಗನ್ನೇ ನಿಲ್ಲಿಸಿತು. ತಪ್ಪು ಮಾಡದವರೂ ಸೀಸನ್ ನಡುವೆ ಕೆಲಸ ಕಳೆದುಕೊಂಡರು. ಮಿತಿ ಎಷ್ಟೆಂದು ಗೈಡುಗಳಿಗೆ ಗೊತ್ತಿರಲಿಲ್ಲ ಎಂದು ಯಾರೂ ನಂಬುವುದಿಲ್ಲ. ದಡದಲ್ಲಿ ಸಾಲುಗಟ್ಟಿ ನಿಂತ ಗಿರಾಕಿಗೆ ‘ಇಲ್ಲ’ ಎನ್ನುವ ಅಧಿಕಾರ ಯಾರಿಗಿದೆ ಎಂಬುದು ತೀರ್ಮಾನವಾಗಿರಲಿಲ್ಲ ಎಂದರೆ ನಂಬಬಹುದು. ಅಂಥ ತೀರ್ಮಾನ ಸಾಲು ನಿಂತ ದಿನ ಆಗುವುದಿಲ್ಲ. ಮಾಲೀಕ, ‘ಆರು ಅಂದರೆ ಆರು, ಏಳನೆಯವನ ದುಡ್ಡು ಹೋದರೆ ನನ್ನದು ಹೋಗಲಿ’ ಎಂದು ಗೈಡಿಗೆ ಬಾಯಿಬಿಟ್ಟು ಹೇಳಬೇಕಾದದ್ದು ಮಾರ್ಚ್‌ನಲ್ಲಿ.

ಜೂನ್ 12ರ ಬಾಲಕಾರ್ಮಿಕ ವಿರೋಧಿ ದಿನ ನಮ್ಮಲ್ಲಿ ತೀರ ತಡ. ಅಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ. ಮಕ್ಕಳು ಧಾಬಾದ ಟೇಬಲ್ ಒರೆಸಲು, ಗ್ಯಾರೇಜಿನಲ್ಲಿ ಪಾನಾ ಕೊಡಲು ಬಂದು ನಿಲ್ಲುವುದು ಏಪ್ರಿಲ್–ಮೇನಲ್ಲಿ, ಶಾಲೆಗೆ ರಜೆ, ಸೀಸನ್ನಿಗೆ ಭರ ಬಂದಾಗ. 2016ರ ತಿದ್ದುಪಡಿಯ ನಂತರ 14ರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಕುಟುಂಬದ, ಅಪಾಯವಿಲ್ಲದ ಕಸುಬಿನಲ್ಲಿ ಶಾಲೆಯ ಹೊತ್ತಿನ ಆಚೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು ಎಂಬ ವಿನಾಯಿತಿ ಇದೆ. ಈ ವಿನಾಯಿತಿಯ ನೆರಳಲ್ಲಿ ‘ನಮ್ಮ ಅಕ್ಕನ ಮಗ’ ಎಂದು ಹೇಳಿಸಿಕೊಳ್ಳುವ ಮಕ್ಕಳ ಸಂಖ್ಯೆ ಏಪ್ರಿಲ್‌ನಲ್ಲಿ ದಿಢೀರನೆ ಏರುತ್ತದೆ. ಮಾತಾಡಬೇಕಾದದ್ದು ಮಾರ್ಚ್ ಕೊನೆಗೆ, ಪರೀಕ್ಷೆ ಮುಗಿಯುವ ಮುನ್ನ.

ಯಾರೂ ಘೋಷಿಸದ ದಿನಗಳೂ ಇಲ್ಲಿ ಬೇಕು. ಕಾಡಂಚಿನ ಕೆಲಸಗಾರರಿಗೆ ಮಂಗನ ಕಾಯಿಲೆಯ ಉಣುಗು ಚುರುಕಾಗುವುದು ನವೆಂಬರ್‌ನಿಂದ ಮೇವರೆಗೆ. ಚಾರಣದ ಗೈಡಿಗೆ, ಸೌದೆ ತರುವವನಿಗೆ, ಎಣ್ಣೆ ಹಚ್ಚಿಕೊಳ್ಳುವ, ಮೈಮುಚ್ಚುವ ಬಟ್ಟೆ ಹಾಕುವ, ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸುವ ಮಾತು ಅಕ್ಟೋಬರ್‌ನಲ್ಲೇ ಆಗಬೇಕು. ವಿದ್ಯುತ್ತಿನ ಮಾತು ಮೇ ಕೊನೆಗೆ, ಮೊದಲ ಮಳೆಗೆ ಗೋಡೆ ನೆನೆದು ಸ್ವಿಚ್ಚು ಜುಮ್ಮೆನ್ನುವ ಮುನ್ನ.

ಇನ್ನು ರಜೆ. ಕರ್ನಾಟಕದಲ್ಲಿ ಇದಕ್ಕೊಂದು ಕಾನೂನೇ ಇದೆ, 1963ರ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಕಾಯ್ದೆ. ಅಂಗಡಿ, ಹೋಟೆಲುಗಳಿಗೂ ಅನ್ವಯಿಸುತ್ತದೆ, ಹತ್ತರ ಬಾಗಿಲು ಇದಕ್ಕಿಲ್ಲ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಅದರ ಮೇಲೆ ಮಾಲೀಕ–ನೌಕರರ ಸಮಾಲೋಚನೆಯಿಂದ ಗೊತ್ತಾಗುವ ಐದು ಹಬ್ಬಗಳು. ಆ ದಿನ ಕೆಲಸ ಮಾಡಿಸಿದರೆ ಎರಡು ಪಟ್ಟು ಪಗಾರ, ಇಲ್ಲವೇ ಅಂದಿನ ಪಗಾರದ ಜೊತೆ ಬೇರೆ ದಿನ ಸಂಬಳಸಹಿತ ರಜೆ. ಈ ಐದು ಹಬ್ಬ ಯಾವುವು ಎಂಬ ಪ್ರಶ್ನೆ ಮೈಸೂರಿನಲ್ಲಿ ಸುಲಭ. ರಾಮನಗರದಲ್ಲಿ ಸುಲಭವಿಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ–ಗದ್ದೆ ಕಳೆದುಕೊಂಡವರು ಬಂದು ನೆಲೆಸಿದ ಊರು ಇದು. ಕೊಂಕಣಿ, ಮರಾಠಿ, ಕನ್ನಡ, ಉರ್ದು ಒಂದೇ ಬೀದಿಯಲ್ಲಿ ಕೇಳುತ್ತವೆ. ಸುತ್ತಲ ಹಳ್ಳಿಗಳಿಂದ ಕುಣಬಿ, ಸಿದ್ದಿ, ಗೌಳಿ ಜನ ಕೆಲಸಕ್ಕೆ ಬರುತ್ತಾರೆ, ಸಿದ್ದಿಗಳಲ್ಲೇ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಒಂದು ಅಡುಗೆಮನೆಯ ಏಳು ಜನರಿಗೆ ಚೌತಿ, ದೀಪಾವಳಿ, ಶಿಗ್ಮೋ, ಈದ್, ಕ್ರಿಸ್‌ಮಸ್ ಎಲ್ಲವೂ ಬೇಕು.

ಇಲ್ಲಿ ಗೋಡೆಯ ಮೇಲಿನ ‘ಕಾಲನಿರ್ಣಯ’ ಕ್ಯಾಲೆಂಡರ್ ಕೆಲಸಕ್ಕೆ ಬರುತ್ತದೆ. ಈ ಭಾಗದ ಅಡುಗೆಮನೆಗಳಲ್ಲಿ ಅದರ ಚೌಕಗಳು ಆಗಲೇ ಭರ್ತಿಯಾಗಿರುತ್ತವೆ: ಹಾಲು ಬಾರದ ದಿನಕ್ಕೆ ಕಾಟು, ಸಿಲಿಂಡರ್ ಹಚ್ಚಿದ ದಿನಕ್ಕೆ ದುಂಡು, ಮೂಲೆಯಲ್ಲಿ ಯಾರೋ ತೆಗೆದುಕೊಂಡ ಮುಂಗಡದ ಮೊತ್ತ, ಪೆನ್ನಿನ ಮಸಿ ಎಣ್ಣೆಗೆ ಹಬ್ಬಿ ಅರ್ಧ ಅಳಿಸಿದ್ದು. ಅದೇ ಚೌಕಗಳ ಮೇಲೆ ಹಬ್ಬಗಳನ್ನು ಸೀಸನ್ನಿನ ಪಕ್ಕ ಇಟ್ಟು ನೋಡಿದರೆ ಜಗಳ ಅಂದುಕೊಂಡದ್ದಕ್ಕಿಂತ ಚಿಕ್ಕದೆಂದು ತಿಳಿಯುತ್ತದೆ. ಚೌತಿ ಮಳೆಗಾಲದ ಬಾಲದಲ್ಲಿ ಬರುತ್ತದೆ, ಅದನ್ನು ಧಾರಾಳವಾಗಿ ಕೊಡಬಹುದು. ಈದ್ ವರ್ಷಕ್ಕೆ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತ ಎಲ್ಲ ಕಾಲಗಳನ್ನೂ ಮುಟ್ಟುತ್ತದೆ. ನಿಜವಾದ ಇಕ್ಕಟ್ಟು ದೀಪಾವಳಿ ಮತ್ತು ಕ್ರಿಸ್‌ಮಸ್ಸಿನದು. ಆರು ಜನರಿಗೆ ದಿನಕ್ಕೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಹಬ್ಬದ ದಿನ ಎಲ್ಲರನ್ನೂ ದುಡಿಸಿದರೆ ಹೆಚ್ಚುವರಿ ಖರ್ಚು 3,600. ಕ್ರಿಸ್‌ಮಸ್ ದಿನದ ಗಲ್ಲಾಪೆಟ್ಟಿಗೆ ಅದನ್ನು ತಾಳಿಕೊಳ್ಳದಷ್ಟು ಬಡವಲ್ಲ. ಬದಲಿ ರಜೆಯನ್ನು ಜುಲೈಗೆ ತಳ್ಳಿದರೆ ಅಷ್ಟೂ ಉಳಿಯಿತು ಎಂದು ಮಾಲೀಕ ಎಣಿಸುತ್ತಾನೆ. ಕಾನೂನು ಅದಕ್ಕೂ ಜಾಗ ಕೊಟ್ಟಿದೆ. ಆದರೆ ಜಿಟಿಜಿಟಿ ಮಳೆಯ ಒಂದು ದಿನ ಮಿಡ್‌ನೈಟ್ ಮಾಸ್‌ಗೆ ಸಮ ಎಂದು ಕ್ರೈಸ್ತ ಅಡುಗೆಯವನಿಗೆ ಹೇಳಲು ಹೋಗಬಾರದು. ಅವನು ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಇಲ್ಲ. ಅವನ ಜಾಗಕ್ಕೆ ಕ್ರಿಸ್‌ಮಸ್ಸಿಗೆ ಚೌತಿಯವರು, ಚೌತಿಗೆ ಅವನು, ಎಂಬ ಅದಲುಬದಲಿಗೆ ಆಗಸ್ಟಿನಲ್ಲಿ ಕೂತು ಮಾತಾಡಿದರೆ ಒಪ್ಪಿಗೆ ಸಿಗುತ್ತದೆ; ಡಿಸೆಂಬರ್ 23ಕ್ಕೆ ಮಾತಾಡಿದರೆ ಅಡುಗೆಯವನ ಫೋನು ಸ್ವಿಚ್ಡ್ ಆಫ್ ಆಗಿರುತ್ತದೆ.

ಮುಟ್ಟಿನ ರಜೆಯ ಬಗ್ಗೆ ಇಲ್ಲಿನ ಗೊಣಗಾಟ ಬೇರೆ ಬಗೆಯದು. ‘ತಾರೀಖು ಗೊತ್ತಿರದ ರಜೆಗೆ ಪ್ಲಾನ್ ಹಾಕೋದು ಹೇಗೆ?’ ಆದೇಶವನ್ನು ಪ್ರಶ್ನಿಸಿ ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋದದ್ದೂ ಉಂಟು. 2025ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಮಧ್ಯಂತರ ತಡೆ ಕೊಟ್ಟು ಅದೇ ದಿನ ಅದನ್ನು ಹಿಂಪಡೆಯಿತು. ದಿನ ಗೊತ್ತಿಲ್ಲದಿದ್ದರೂ ಸಂಖ್ಯೆ ಗೊತ್ತಿದೆಯಲ್ಲ. ನಾಲ್ಕು ಹೆಂಗಸರಿದ್ದರೆ ವರ್ಷಕ್ಕೆ ಹೆಚ್ಚೆಂದರೆ 48 ದಿನ, ತಿಂಗಳಿಗೆ ನಾಲ್ಕು. ಜ್ವರ, ಮದುವೆ, ಗದ್ದೆ ನಾಟಿ ಎಂದು ಈಗಲೂ ಇದಕ್ಕಿಂತ ಹೆಚ್ಚು ದಿನ ಜನ ತಪ್ಪಿಸಿಕೊಳ್ಳುತ್ತಾರೆ; ಪಕ್ಕದ ಮನೆಯವಳನ್ನು ಕರೆದು ದಿನದ ಕೂಲಿ ಕೊಟ್ಟು ಸುಧಾರಿಸುತ್ತೇವೆ. ವ್ಯತ್ಯಾಸವಿಷ್ಟೇ, ಈ ನಾಲ್ಕು ದಿನಕ್ಕೆ ಪಗಾರವೂ ಹೋಗುತ್ತದೆ. ಸಣ್ಣ ಮಾಲೀಕನಿಗೆ ಅದು ನಿಜವಾದ ಭಾರ, ಅದನ್ನು ತೂಕ ಕಡಿಮೆ ಮಾಡಿ ಹೇಳಲಾರೆ. ಆದರೆ ಅದನ್ನು ಎಣಿಸಬಹುದು, ದರದಲ್ಲಿ ಸೇರಿಸಬಹುದು. ಹಾಗೆ ಎಣಿಸಿಯೂ, ‘ಹೆಂಗಸರೇ ಬೇಡ’ ಎಂಬ ತೀರ್ಮಾನಕ್ಕೆ ಬರುವವರು ಇದ್ದಾರೆಂಬ ಭಯ ಸುಳ್ಳಲ್ಲ. ಈ ಭಾಗದ ಹೋಂಸ್ಟೇಗಳ ಹೆಸರು ನಿಂತಿರುವುದೇ ಹೆಂಗಸರ ಕೈರುಚಿಯ ಮೇಲೆ. ಆ ತೀರ್ಮಾನಕ್ಕೆ ಬಂದವನು ಒಂದು ಸೀಸನ್ ನಡೆಸಿ ನೋಡಲಿ.

ಈಗ ಸರಕಾರದ ಪಾಲು. ಬ್ರಿಟನ್ನಿನಲ್ಲಿ ವ್ಯಾಪಾರಕ್ಕೆ ಸಂಬಂಧಿಸಿದ ಹೊಸ ನಿಯಮಗಳನ್ನು ಆದಷ್ಟೂ ವರ್ಷದ ಎರಡೇ ದಿನ, ಏಪ್ರಿಲ್ 6 ಮತ್ತು ಅಕ್ಟೋಬರ್ 1ರಂದು, ಜಾರಿಗೆ ತರುವ ಪದ್ಧತಿ ರೂಢಿಗೆ ಬಂತು. ಅಲ್ಲಿಯ ನಿಯಮಗಳು ನಮಗಿಂತ ಹಗುರವೇನಲ್ಲ, ಆದರೆ ಅಂಗಡಿಯವನಿಗೆ ಯಾವಾಗ ತಲೆಯೆತ್ತಿ ನೋಡಬೇಕೆಂದು ಗೊತ್ತಿರುತ್ತದೆ. ನಮ್ಮಲ್ಲೂ ಇದಕ್ಕೊಂದು ನಾಟಿ ಉದಾಹರಣೆ ಇದೆ. ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಮೊತ್ತಕ್ಕೆ ತಕರಾರು ಬರುತ್ತದೆ, ತಾರೀಖಿಗೆ ಯಾರೂ ತಕರಾರು ಮಾಡಿದ್ದಿಲ್ಲ. ಉಳಿದ ಕಾರ್ಮಿಕ ನಿಯಮಗಳನ್ನೂ ಅಂಥ ಒಂದೆರಡು ದಿನಗಳಿಗೆ ಕಟ್ಟಿಹಾಕುವುದು ಅಸಾಧ್ಯವೇ? ಈ ರಾಜ್ಯಕ್ಕೆ ಒಂದು ಏಪ್ರಿಲ್ 1, ಇನ್ನೊಂದು ಆಗಸ್ಟ್ 1 ಆದರೆ ಮಲೆನಾಡು–ಕರಾವಳಿಯ ಎಷ್ಟೋ ಸಣ್ಣ ಉದ್ಯಮಗಳಿಗೆ ಓದಿ ತಿಳಿಯಲು ಹೊತ್ತು ಸಿಗುತ್ತದೆ.

ಇದಕ್ಕೆ ಎದುರು ವಾದವಿದೆ, ಗಟ್ಟಿಯಾಗಿಯೇ ಇದೆ. ಕೆಲಸಗಾರನ ಹಕ್ಕು ಮಾಲೀಕನ ಅನುಕೂಲಕ್ಕೆ ಕಾಯಬೇಕೇ? ನಾಲ್ಕು ಸಂಹಿತೆಗಳು ಐದು ವರ್ಷ ಕಾದದ್ದು ಸಾಲದೇ? ಇಲ್ಲಿ ಎರಡು ಬಗೆಯ ಬದಲಾವಣೆಗಳನ್ನು ಬೇರೆ ಮಾಡಬೇಕು. ರಾಫ್ಟಿನಲ್ಲಿ ಇಷ್ಟೇ ಜನ, ಮಕ್ಕಳನ್ನು ದುಡಿಸಬೇಡ, ಕೈಹಾಕಬೇಡ ಎಂಬವು ಇವತ್ತೇ ಈಗಲೇ ಜಾರಿಯಾಗಬೇಕು, ಅದಕ್ಕೆ ಸೀಸನ್ ಅಡ್ಡ ಬರಬಾರದು. ಹೊಸ ನಮೂನೆ, ಹೊಸ ದರ, ಹೊಸ ದಾಖಲೆ, ಸಂಬಳದ ಹೊಸ ಲೆಕ್ಕ ಇವುಗಳಿಗೆ ಮೂರು ತಿಂಗಳ ಮುನ್ಸೂಚನೆ ಕೊಟ್ಟರೆ ಯಾವ ಹಕ್ಕೂ ಸಾಯುವುದಿಲ್ಲ. ಮುನ್ಸೂಚನೆ ಕೊಡದೆ ಜಾರಿ ಮಾಡಿದರೆ ಆಗುವುದೇನು? ದೊಡ್ಡ ಕಂಪನಿಯಲ್ಲಿ ಅದಕ್ಕೆಂದೇ ಜನರಿದ್ದಾರೆ, ಮರುದಿನವೇ ಹೊಂದಿಕೊಳ್ಳುತ್ತದೆ. ಸಣ್ಣವನು ಗೊತ್ತಾಗದೆ ಸುಮ್ಮನಿರುತ್ತಾನೆ, ಇನ್‌ಸ್ಪೆಕ್ಟರ್ ಬಂದ ದಿನ ಗೊತ್ತಾಗುತ್ತದೆ. ನಡುವಿನ ತಿಂಗಳುಗಳಲ್ಲಿ ಆ ಹಕ್ಕು ಅವನ ಕೆಲಸಗಾರನಿಗೂ ಸಿಕ್ಕಿರುವುದಿಲ್ಲ. ಸರಕಾರದ ಆದೇಶದ ತಾರೀಖು ಬದುಕನ್ನು ಹೇಗೆ ಅಲ್ಲಾಡಿಸುತ್ತದೆಂದು, ಮುಳುಗಡೆಯ ನೋಟಿಸು ಕಂಡವರ ಊರಿಗೆ ಪಾಠ ಹೇಳಬೇಕಾಗಿಲ್ಲ.

ಅಲ್ಲಿಯವರೆಗೆ ಮಾಲೀಕ ತನ್ನ ಮಟ್ಟಿಗೆ ಮಾಡಬಹುದಾದದ್ದು ಸ್ವಲ್ಪವೇ. ಜೂನ್‌ನಲ್ಲಿ ಹಿಂದಿನ ಸೀಸನ್ನಿನ ಬಾಕಿ ಪೂರ್ತಿ ತೀರಿಸಿ ಹಾಜರಿ ಪುಸ್ತಕ ಮುಚ್ಚುವುದು. ಜುಲೈಯಲ್ಲಿ, ಲೆಕ್ಕ ನೋಡಿಕೊಡುವವರ ಜೊತೆ ಒಂದು ಮಧ್ಯಾಹ್ನ ಕೂತು ಏನು ಬದಲಾಗಿದೆ ಎಂದು ಕೇಳುವುದು. ಈ ಊರುಗಳಲ್ಲಿ ಬಹಳ ಜನ ತೆರಿಗೆ ಸಲಹೆಗಾರನ ಬಳಿ ಜಿಎಸ್‌ಟಿ ಬಿಟ್ಟು ಇನ್ನೇನನ್ನೂ ಕೇಳುವುದಿಲ್ಲ. ಆಗಸ್ಟಿನಲ್ಲಿ ಹಬ್ಬದ ಮಾತುಕತೆ, ನೇಮಕಾತಿ ಪತ್ರದ ಕರಡು. ಮತ್ತೆ ನವೆಂಬರ್ ಮತ್ತು ಫೆಬ್ರವರಿಯಲ್ಲಿ ಒಂದೊಂದು ದಿನ ಏನನ್ನೂ ಬರೆಯದೆ ಖಾಲಿ ಬಿಡುವುದು, ದಿಢೀರನೆ ಬರುವ ಆದೇಶಗಳಿಗಾಗಿ. ಆ ಖಾಲಿ ದಿನ ಇರದಿದ್ದರೆ ಉಳಿದ ಅಷ್ಟೂ ಪ್ಲಾನು ಮೊದಲ ಆದೇಶಕ್ಕೇ ಮಗುಚುತ್ತದೆ.

ಪಂಚಾಯಿತಿ ಮಾಡಬಹುದಾದದ್ದು ಇದಕ್ಕಿಂತಲೂ ಸುಲಭ. ಅಂಗಡಿ, ಹೋಟೆಲು, ಹೋಂಸ್ಟೇಗಳು ಪರವಾನಗಿ ನವೀಕರಿಸಲು ಗ್ರಾಮ ಪಂಚಾಯಿತಿಗೆ ಬರಲೇಬೇಕು. ರಸೀದಿಯ ಜೊತೆ ಒಂದು ಹಾಳೆ ಕೊಡಲಿ: ಆ ವರ್ಷದ ಕನಿಷ್ಠ ಕೂಲಿ, ಹತ್ತು ರಜೆಗಳ ಪಟ್ಟಿ ತುಂಬಲು ಖಾಲಿ ಜಾಗ, ಜೋಯಿಡಾ ತಾಲೂಕಿನ ನೋಡಲ್ ಅಧಿಕಾರಿಯ ಹೆಸರು, ಫೋನ್ ನಂಬರು. ಕನ್ನಡದಲ್ಲಿ, ಹಿಂದೆ ಮರಾಠಿಯಲ್ಲಿ. ಆ ಅಧಿಕಾರಿಯ ಹೆಸರನ್ನು ಪಂಚಾಯಿತಿಯ ಹೊರಗೋಡೆಯ ಮೇಲೂ ಬರೆಸಲಿ, ನರೇಗಾ ಕೂಲಿಯ ದರ ಬರೆಸುತ್ತಿದ್ದ ಅದೇ ಗೋಡೆಯ ಮೇಲೆ.